10 ಆಗಸ್ಟ್ 1950ರಂದು ನಿಮ್ಮ ಅಜ್ಜ ಎಲ್ಲಿದ್ದರು?

ಪುಣೆಯಲ್ಲೋ ಮುಂಬೈಯಲ್ಲೋ ನೆಲೆಸಿದ ಕನ್ನಡದ ದಲಿತ ಕುಟುಂಬವೊಂದು ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಕಾಗದದ ಚೀಲ ಹಿಡಿದು ಬಂದಾಗ ನಾನು ಮೊದಲು ಜಾತಿ ಕೇಳುವುದಿಲ್ಲ. ಎರಡೇ ಪ್ರಶ್ನೆ ಕೇಳುತ್ತೇನೆ. ಮೂಲ ಊರು ಇವತ್ತು ಯಾವ ರಾಜ್ಯದಲ್ಲಿದೆ? 10 ಆಗಸ್ಟ್ 1950ರಂದು ಅಜ್ಜ ಎಲ್ಲಿ ವಾಸವಿದ್ದರು? ಕಡತ ಯಾವ ಕಚೇರಿಗೆ ಹೋಗಬೇಕು, ಯಾವ ನಮೂನೆ ತುಂಬಬೇಕು, ಕೊನೆಗೆ ಕೈಗೆ ಬಂದ ಕಾಗದ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದೆಲ್ಲ ಈ ಎರಡು ಉತ್ತರಗಳ ಮೇಲೆ ನಿಂತಿದೆ.

ಸಂವಿಧಾನದ 341ನೇ ವಿಧಿಯಡಿ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಹೊರಟ ದಿನ 10 ಆಗಸ್ಟ್ 1950. ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950. ಮಹಾರಾಷ್ಟ್ರ ತನ್ನ ವಿಮುಕ್ತ ಜಾತಿ (ಬ್ರಿಟಿಷರು ಅಪರಾಧಿ ಬುಡಕಟ್ಟು ಎಂದು ಹೆಸರಿಟ್ಟಿದ್ದವರು) ಮತ್ತು ಅಲೆಮಾರಿ ವರ್ಗಗಳಿಗೆ 21 ನವೆಂಬರ್ 1961 ಹಿಡಿಯುತ್ತದೆ, ಇತರ ಹಿಂದುಳಿದ ವರ್ಗಕ್ಕೆ 13 ಅಕ್ಟೋಬರ್ 1967. ಕಚೇರಿಯ ಮರಾಠಿಯಲ್ಲಿ ಇದರ ಹೆಸರು ‘ಮಾನೀವ ದಿನಾಂಕ’, ಲೆಕ್ಕಕ್ಕೆ ಹಿಡಿಯುವ ದಿನ. ಆ ದಿನ ನಿಮ್ಮ ಹಿರಿಯರು ಮಹಾರಾಷ್ಟ್ರದ ನೆಲದಲ್ಲಿ ಇದ್ದರೆ ನೀವು ಇಲ್ಲಿಯವರು. ಮರುವರ್ಷ ರೈಲು ಹತ್ತಿದ್ದರೆ ವಲಸಿಗರು. ನಿಮ್ಮ ಮಗ, ಮೊಮ್ಮಗ ಪುಣೆಯ ಯೆರವಡಾದಲ್ಲೇ ಹುಟ್ಟಿದ್ದರೂ ವಲಸಿಗರು.

ರಚನೆಯೊಳಗೇ ಕೂತ ತಾರತಮ್ಯ ಎಂದರೆ ಏನು ಎಂದು ಕೇಳುವವರಿಗೆ ನಾನು ಈ ದಿನಾಂಕವನ್ನೇ ತೋರಿಸುತ್ತೇನೆ. ಇದರಲ್ಲಿ ಬೈಗುಳವಿಲ್ಲ, ದ್ವೇಷವಿಲ್ಲ. ಮೇಜಿನ ಆಚೆ ಕೂತ ಗುಮಾಸ್ತ ಎಷ್ಟೋ ಸಲ ಸ್ವತಃ ದಲಿತನೇ ಆಗಿರುತ್ತಾನೆ. ಆದರೂ ಚರಂಡಿ, ಕಲ್ಲುಗಣಿ, ಕಟ್ಟಡದ ಕೆಲಸಕ್ಕೆ ಬಂದ ಮಂದಿಯೇ ಮತ್ತೆ ಮತ್ತೆ ಬರಿಗೈಯಲ್ಲಿ ಹೊರಬೀಳುತ್ತಾರೆ. ಜಾತಿ ಜನಾಂಗಭೇದದ ಲೆಕ್ಕಕ್ಕೆ ಬರುವುದಿಲ್ಲವೆಂದು ನಮ್ಮ ಸರ್ಕಾರ 2001ರ ಡರ್ಬನ್ ಸಮ್ಮೇಳನದಲ್ಲಿ ವಾದಿಸಿತ್ತು. ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನಾ ಸಮಿತಿ 2002ರಲ್ಲಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಹುಟ್ಟಿನಿಂದ ಬರುವ ಭೇದದೊಳಗೆ ಜಾತಿಯನ್ನೂ ಸೇರಿಸಿತು. ಈ ವಾದ ಯಾವ ಕಡೆ ತಿರುಗಿದರೂ ಕೌಂಟರಿನಲ್ಲಿ ಕೇಳುವ ಕಾಗದ ಮಾತ್ರ ಬದಲಾಗುವುದಿಲ್ಲ.

ಕಾನೂನಿನ ಬುಡ ಇರುವುದೂ ಮುಂಬೈಯಲ್ಲೇ. ಆಂಧ್ರದ ಪರಿಶಿಷ್ಟ ಪಂಗಡದ ಒಬ್ಬರಿಗೆ ಆ ಮೀಸಲಾತಿಯ ಮೇಲೆಯೇ ಸಾರ್ವಜನಿಕ ವಲಯದ ರಸಗೊಬ್ಬರ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ, ಸಂಸಾರ ಮುಂಬೈಗೆ ಬಂತು. ಮಗ ಒಂಬತ್ತನೇ ವಯಸ್ಸಿನಿಂದ ಇಲ್ಲೇ ಓದಿದ. ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದಾಗ ನಿನ್ನ ಪಂಗಡ ಮಹಾರಾಷ್ಟ್ರದ್ದಲ್ಲ ಎಂಬ ಉತ್ತರ ಬಂತು. 1990ರಲ್ಲಿ ಸುಪ್ರೀಂ ಕೋರ್ಟ್ ಆ ಉತ್ತರವನ್ನೇ ಎತ್ತಿಹಿಡಿಯಿತು. ಪಟ್ಟಿ ಇರುವುದು ‘ಆ ರಾಜ್ಯಕ್ಕೆ ಸಂಬಂಧಿಸಿದಂತೆ’, ಆದ್ದರಿಂದ ಸವಲತ್ತು ರಾಜ್ಯದ ಗಡಿ ದಾಟುವುದಿಲ್ಲ ಎಂಬುದು ಅದರ ತರ್ಕ. 1994ರಲ್ಲಿ ಇದೇ ಮಾತು ಮತ್ತೆ ಬಂತು. 2018ರಲ್ಲಿ ಸಂವಿಧಾನ ಪೀಠವೂ ಅದನ್ನೇ ಹೇಳಿತು. ಅಪ್ಪನಿಗೆ ಕೆಲಸ ಕೊಡಿಸಿದ ಜಾತಿ ಅದೇ ಊರಿನಲ್ಲಿ ಮಗನಿಗೆ ಸೀಟು ಕೊಡಿಸುವುದಿಲ್ಲ. ಇದನ್ನು ಕುಟುಂಬಕ್ಕೆ ಮೊದಲ ದಿನವೇ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಎರಡು ವರ್ಷ ಓಡಾಡಿ, ಪ್ರಮಾಣಪತ್ರ ಕೈಗೆ ಬಂದ ದಿನ ‘ಇದರಿಂದ ಫೀ ಮಾಫಿ ಇಲ್ಲವಾ?’ ಎಂಬ ಪ್ರಶ್ನೆ ಬರುತ್ತದೆ.

ಊರು ಯಾವ ಕಡೆ

ಕನ್ನಡ ಮಾತಾಡುವವರೆಲ್ಲ ಕರ್ನಾಟಕದವರಲ್ಲ. ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ, ಗಡಹಿಂಗ್ಲಜ ಕಡೆಯ ಕನ್ನಡಿಗರು ಮಹಾರಾಷ್ಟ್ರದ ಮೂಲ ನಿವಾಸಿಗಳು. ಅವರಿಗೆ ವಲಸಿಗರ ನಮೂನೆಯ ಮಾತೇ ಇಲ್ಲ. ಆದರೆ ಅರ್ಜಿಯ ಮೇಲೆ ಶರಣಪ್ಪ, ಯಲ್ಲವ್ವ ಎಂಬ ಹೆಸರು ಕಂಡರೆ ಸಾಕು, ‘ಕರ್ನಾಟಕಾತೂನ್ ಆಣಾ’ (ಕರ್ನಾಟಕದಿಂದ ತನ್ನಿ) ಎಂದು ಚೀಟಿ ಹಿಂದಕ್ಕೆ ಬರುತ್ತದೆ. ನಿಯಮ ಭಾಷೆಯನ್ನು ಕೇಳುವುದೇ ಇಲ್ಲ. ಕೇಳುವುದು ಕೌಂಟರು.

ಇದಕ್ಕೆ ಮದ್ದು ಸುಲಭ. ಅರ್ಜಿಯ ಮೊದಲ ಪುಟದಲ್ಲೇ ಗ್ರಾಮ, ತಾಲೂಕು, ಜಿಲ್ಲೆ, ‘ಮಹಾರಾಷ್ಟ್ರ ರಾಜ್ಯ’ ಎಂದು ಬರೆದು, ಅಜ್ಜನ ಅಥವಾ ಮುತ್ತಜ್ಜನ ಹೆಸರಿನ ಹಳೆಯ ಸಾತ್‌ಬಾರಾ ಉತಾರೆಯೋ (ಇಲ್ಲಿಯ ಪಹಣಿ) ಕೋತವಾಲ ಬುಕ್ಕಿನ ನಕಲೋ ಅದರ ಬೆನ್ನಿಗೇ ಹಚ್ಚುವುದು. ಕೋತವಾಲ ಬುಕ್ಕು ಎಂದರೆ ಹಳ್ಳಿಯ ಹುಟ್ಟು ಸಾವಿನ ದಾಖಲೆ, ಗಾವ ನಮುನಾ 14. ಹಳೆಯದರಲ್ಲಿ ಹೆಸರಿನ ಜೊತೆಗೆ ಜಾತಿಯೂ ಇರುತ್ತದೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಗಟ್ಟಿ ಕಾಗದ ಕಡಿಮೆ. ಇನ್ನೊಂದು ಸಂಗತಿ: ಅರ್ಜಿ ಹಾಕಬೇಕಾದ್ದು ಪುಣೆಯ ಪ್ರಾಂತ, ಅಂದರೆ ಉಪವಿಭಾಗಾಧಿಕಾರಿಯ, ಕಚೇರಿಗಲ್ಲ, ಹಿರಿಯರು ಆ ದಿನ ವಾಸವಿದ್ದ ಉಪವಿಭಾಗದ ಪ್ರಾಂತ ಕಚೇರಿಗೆ. ಪುಣೆಯಲ್ಲಿ ಹಾಕಿ ತಿಂಗಳು ಕಳೆದ ಮೇಲೆ ‘ಅಧಿಕಾರ ವ್ಯಾಪ್ತಿ ಇಲ್ಲ’ ಎಂದು ಮರಳಿ ಬರುವ ಅರ್ಜಿಗಳಲ್ಲಿ ಬಹುಪಾಲು ಇಂಥವು.

ಗಡಿಯ ಚರಿತ್ರೆ ಇಲ್ಲಿ ಒಂದು ವಿಚಿತ್ರ ಗಂಟು ಹಾಕಿದೆ. 1 ನವೆಂಬರ್ 1956ರವರೆಗೆ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ರಾಜ್ಯದಲ್ಲೇ ಇದ್ದವು. ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿ, ಮರಾಠವಾಡದ ಜೊತೆಗೆ. ಅಂದರೆ 1952ರಲ್ಲಿ ವಿಜಾಪುರ ಜಿಲ್ಲೆಯ ಇಂಡಿಯಿಂದ ಮುಂಬೈಗೆ ಬಂದ ಮನುಷ್ಯ ಯಾವ ರಾಜ್ಯದ ಗಡಿಯನ್ನೂ ದಾಟಿರಲಿಲ್ಲ. ಆದರೂ ಕಚೇರಿ ನೋಡುವುದು ಇವತ್ತಿನ ನಕಾಶೆಯನ್ನು: ಊರು ಈಗ ಕರ್ನಾಟಕದಲ್ಲಿದೆ, ಆದ್ದರಿಂದ ನೀವು ಹೊರಗಿನವರು. ಈ ವಾದವನ್ನು ಪ್ರಾಂತ ಕಚೇರಿಯ ಮೆಟ್ಟಿಲ ಮೇಲೆ ಗೆದ್ದವರನ್ನು ನಾನು ಕಂಡಿಲ್ಲ. ಹೈಕೋರ್ಟಿಗೆ ಹೋಗುವ ತ್ರಾಣ ಇದ್ದವರು ಮಾತ್ರ ಎತ್ತಬೇಕಾದ ಮಾತು ಅದು.

1950ಕ್ಕಿಂತ ಮೊದಲು ಬಂದವರು

ಮುಂಬೈಯ ಹಳೆಯ ಕನ್ನಡ ಕುಟುಂಬಗಳಲ್ಲಿ ಇಂಥವು ಸಾಕಷ್ಟಿವೆ, ಆದರೆ ತಮ್ಮಲ್ಲಿ ಪುರಾವೆ ಇದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಸುಧಾರಣಾ ಟ್ರಸ್ಟಿನ ಬಿ.ಐ.ಟಿ. ಚಾಳುಗಳು, ಅಭಿವೃದ್ಧಿ ಇಲಾಖೆ ಕಟ್ಟಿದ 1920ರ ದಶಕದ ಬಿ.ಡಿ.ಡಿ. ಚಾಳುಗಳ ಬಾಡಿಗೆ ಪಾವತಿಗಳನ್ನು ಮೊದಲು ಹುಡುಕಬೇಕು. ಆಮೇಲೆ ಮಹಾನಗರ ಪಾಲಿಕೆಯ ಸಫಾಯಿ ಕೆಲಸದ ಸೇವಾ ಪುಸ್ತಕ, ಬಂದರಿನ, ರೈಲ್ವೆಯ ಸೇವಾ ದಾಖಲೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಪಾಲಿಕೆ ಶಾಲೆಯ ಜನರಲ್ ರಿಜಿಸ್ಟರ್. ಅದರಿಂದ ‘ಪ್ರವೇಶ ನಿರ್ಗಮ ಉತಾರಾ’, ಅಂದರೆ ಶಾಲೆ ಸೇರಿದ ಬಿಟ್ಟ ಸಾಲಿನ ನಕಲು, ತೆಗೆಸಬೇಕು. ಶಾಲೆ ಬಿಟ್ಟ ದಾಖಲೆ ಒಂದೇ ಸಾಲದು. ಉತಾರೆಯಲ್ಲಿ ಜಾತಿ, ಹುಟ್ಟಿದ ಸ್ಥಳ, ಸೇರಿದ ದಿನಾಂಕ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. 1950ಕ್ಕೆ ಮೊದಲಿನ ಸಾಲಿನಲ್ಲಿ ಹುಟ್ಟಿದ ಸ್ಥಳ ಮುಂಬೈ ಎಂದಿದ್ದರೆ ಅರ್ಧ ಕೆಲಸ ಮುಗಿದಂತೆ.

ಪಿ.ಎಫ್. ಚೀಟಿ ತಂದು ಇದೋ ಪುರಾವೆ ಎನ್ನುವವರು ಬಹಳ. ಭವಿಷ್ಯ ನಿಧಿಯ ಕಾಯ್ದೆ ಬಂದದ್ದೇ 1952ರಲ್ಲಿ, ಆದ್ದರಿಂದ ಅದು ಈ ಕೆಲಸಕ್ಕೆ ಬಾರದು. ಗಿರಣಿಯ ಹಾಜರಿ ಪುಸ್ತಕ ಸಿಕ್ಕರೆ ಒಳ್ಳೆಯದು, ಆದರೆ ಗಿರಣಿಗಳು ಮುಚ್ಚಿದಾಗ ಅವುಗಳ ಕಾಗದವೂ ರದ್ದಿಗೆ ಹೋಯಿತು.

ಜಾತಿಯ ಕಾಲಮಿನಲ್ಲಿ ‘ಹಿಂದೂ’, ‘ಕಾನಡಿ’, ‘ಹಿಂದೂ ಹರಿಜನ’ ಎಂದಷ್ಟೇ ಬರೆದಿರುವುದು ಇಲ್ಲಿಯ ದೊಡ್ಡ ತೊಡಕು. ಮರಾಠಿ ಗುಮಾಸ್ತನಿಗೆ ಹೊಲೆಯ, ಮಾದರ, ಸಮಗಾರ ಎಂಬ ಭೇದ ಗೊತ್ತಿರಲಿಲ್ಲ. ಭಾಷೆಯನ್ನೇ ಜಾತಿಯೆಂದು ಬರೆದ. ಹೀಗಿದ್ದಾಗ ಅದೇ ಕುಟುಂಬದ ತಂದೆಯ ಕಡೆಯ ಇತರರ ಸಾಲುಗಳನ್ನು ಹುಡುಕಬೇಕು: ಅಜ್ಜನ ತಮ್ಮ, ದೊಡ್ಡಪ್ಪ, ಸೋದರತ್ತೆ. ಅತ್ತೆಯ ಕಾಗದ ಬಹಳ ಜನ ಮರೆಯುತ್ತಾರೆ. ಮದುವೆಗೆ ಮುಂಚಿನ ಶಾಲೆಯ ದಾಖಲೆಯಲ್ಲಿ ಅವಳೂ ತಂದೆಯ ಮನೆಯವಳೇ. ಈಗ ಶಾಲೆಯಲ್ಲಿರುವ ಮಗುವಿನ ಸಾಲು ತಪ್ಪಾಗಿದ್ದರೆ ಹತ್ತನೇ ತರಗತಿ ಮುಗಿಯುವ ಮೊದಲೇ ತಿದ್ದಿಸಿ. ಶಾಲೆ ಬಿಟ್ಟ ಮೇಲೆ ತಿದ್ದುಪಡಿ ಮುಖ್ಯೋಪಾಧ್ಯಾಯರ ಕೈ ಮೀರುತ್ತದೆ.

ಆಮೇಲೆ ಬಂದವರು

ನಮ್ಮಲ್ಲಿಗೆ ಬರುವ ಬಹುತೇಕರು ಈ ಸಾಲಿನವರು. 1972ರ ಬರಗಾಲದಲ್ಲಿ ಬಂದವರು, ಕಟ್ಟಡದ ಕೆಲಸಕ್ಕೆ ಆಮೇಲೆ ಬಂದವರು. ಇವರಿಗೆ ದಾರಿ ತೆರೆದದ್ದು ಕೇಂದ್ರ ಗೃಹ ಇಲಾಖೆಯ 18 ನವೆಂಬರ್ 1982ರ ಸುತ್ತೋಲೆ. ತಂದೆಗೆ ಮೂಲ ರಾಜ್ಯದ ಅಧಿಕಾರಿ ಕೊಟ್ಟ ಜಾತಿ ಪ್ರಮಾಣಪತ್ರ ಇದ್ದರೆ, ಈಗ ವಾಸವಿರುವ ರಾಜ್ಯದ ಅಧಿಕಾರಿ ಅದರ ಆಧಾರದ ಮೇಲೆ ಮಕ್ಕಳಿಗೆ ಪ್ರಮಾಣಪತ್ರ ಕೊಡಬಹುದು. ಸಂಶಯವಿದ್ದರೆ ಮೂಲ ರಾಜ್ಯದಿಂದ ಖಚಿತಪಡಿಸಿಕೊಳ್ಳಬಹುದು. ಹಾಗೆ ಕೊಡುವ ಕಾಗದದ ಮೇಲೆ ಜಾತಿ ಕರ್ನಾಟಕಕ್ಕೆ ಸಂಬಂಧಿಸಿದ್ದು ಎಂದೇ ಇರುತ್ತದೆ.

ಹಾಗಾಗಿ ಇಡೀ ಕಡತದ ಕೀಲಿ ತಂದೆಯ ಪ್ರಮಾಣಪತ್ರ. ಕಲ್ಲು ಒಡೆಯುವವನಿಗೆ ಜಾತಿ ಪ್ರಮಾಣಪತ್ರ ಯಾಕೆ ಬೇಕಿತ್ತು? ಅವನು ಮಾಡಿಸಿಯೇ ಇರುವುದಿಲ್ಲ. ಈಗ ಮಾಡಿಸಲು ಊರಿನ ನಾಡಕಚೇರಿಗೆ ಹೋದರೆ, ಆಧಾರ್, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲ ಪುಣೆಗೆ ಬಂದಿರುತ್ತವೆ. ಗ್ರಾಮ ಆಡಳಿತಾಧಿಕಾರಿ ‘ಊರಲ್ಲಿ ವಾಸವಿಲ್ಲ’ ಎಂದು ಬರೆಯುತ್ತಾರೆ. ಇಲ್ಲಿ ವಲಸಿಗ, ಅಲ್ಲಿ ಗೈರುಹಾಜರಿ. ಎರಡೂ ಕಡೆಯ ನಿಯಮವನ್ನು ಬೇರೆ ಬೇರೆ ಓದಿದರೆ ಸರಿಯಾಗಿಯೇ ಕಾಣುತ್ತದೆ. ನಡುವಿನ ಸಂದಿಯಲ್ಲಿ ಮನುಷ್ಯ ಬೀಳುತ್ತಾನೆ.

ನಾನು ಅನುಸರಿಸುವ ಕ್ರಮ ಹೀಗೆ. ಮೊದಲು ಊರಲ್ಲೇ ಉಳಿದ ಚಿಕ್ಕಪ್ಪನದೋ ದೊಡ್ಡಪ್ಪನದೋ ನಮೂನೆ ‘ಡಿ’ ಪ್ರಮಾಣಪತ್ರ ತೆಗೆಸುವುದು. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ತಹಸೀಲ್ದಾರರು ಕೊಡುವ ನಮೂನೆ ಅದು. ಬಳಿಕ ವಂಶವೃಕ್ಷ ಮಾಡಿಸಿ, ಅದರಲ್ಲಿ ಪುಣೆಗೆ ಬಂದ ತಂದೆಯ ಹೆಸರು ಸೇರುವಂತೆ ನೋಡುವುದು. ಮೂರನೆಯದಾಗಿ ತಂದೆ ಓದಿದ ಶಾಲೆಯ ದಾಖಲಾತಿ ಪುಟ. ಓದದೇ ಇದ್ದರೆ ಅಜ್ಜನ ಪಹಣಿ ಅಥವಾ ವತನ ಜಮೀನಿನ ಕಾಗದ. ಮುಂಬೈ ಕರ್ನಾಟಕದಲ್ಲಿ ಹಳ್ಳಿಯ ಕೆಳದರ್ಜೆಯ ಚಾಕರಿಗೆ ಕೊಟ್ಟ ವತನ ಜಮೀನಿನ ದಾಖಲೆಯಲ್ಲಿ ಚಾಕರಿಯ ಜೊತೆಗೇ ಜಾತಿ ಅಂಟಿಕೊಂಡಿರುತ್ತದೆ. ಅವಮಾನದ ಗುರುತಾಗಿದ್ದ ಕಾಗದ ಈಗ ಹಕ್ಕಿನ ಆಧಾರ. ಈ ಮೂರನ್ನೂ ಜೋಡಿಸಿ, ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ತಂದೆಯೇ ಖುದ್ದಾಗಿ ಅರ್ಜಿ ಕೊಡಬೇಕು, ವರದಿಗೆ ಬರುವ ದಿನ ಊರಲ್ಲೇ ಇರಬೇಕು. ಒಂದು ವಾರದ ರಜೆ ಇಟ್ಟುಕೊಳ್ಳದೆ ಹೋಗಬೇಡಿ.

ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ, ಕಲಬುರಗಿ ಕಡೆಯದು ಉರ್ದುವಿನಲ್ಲಿದ್ದರೆ, ಬಲ್ಲವರಿಂದ ಲಿಪ್ಯಂತರ ಮಾಡಿಸಿ ಅವರ ಸಹಿ ಹಾಕಿಸಿ ಮೂಲದ ಜೊತೆ ಲಗತ್ತಿಸಬೇಕು. ಮೋಡಿ ಓದುವವರು ಪುಣೆಯಲ್ಲಿ ಸಿಗುತ್ತಾರೆ. ಇದೊಂದು ವಿಷಯದಲ್ಲಿ ಪುಣೆಯಲ್ಲಿರುವುದು ಅನುಕೂಲ.

ಕಡತ ಪ್ರಾಂತ ಕಚೇರಿಗೆ ಹೋದ ಮೇಲೆ ಅದು ಮಲಗುವ ಜಾಗ ಒಂದೇ: ಖಚಿತಪಡಿಸಲು ಕರ್ನಾಟಕದ ತಹಸೀಲಿಗೆ ಬರೆದ ಪತ್ರಕ್ಕೆ ಉತ್ತರ ಬಾರದಿರುವುದು. ಮರಾಠಿ ಪತ್ರ ಕನ್ನಡದ ಕಚೇರಿಯಲ್ಲಿ ಯಾವ ಮೇಜಿಗೆ ಹೋಗಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಪತ್ರದ ಜಾವಕ (ರವಾನೆ) ಸಂಖ್ಯೆ ಮತ್ತು ದಿನಾಂಕ ಪಡೆದುಕೊಳ್ಳಿ, ನಕಲಿಗೆ ಒಂದು ಪುಟದ ಕನ್ನಡ ಸಾರಾಂಶ ಹಚ್ಚಿ, ತಂದೆಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆ ದೊಡ್ಡದಾಗಿ ಬರೆದು, ಊರಿನ ಸಂಬಂಧಿಕರ ಕೈಯಲ್ಲಿ ತಹಸೀಲಿಗೆ ಮುಟ್ಟಿಸಿ. ಆ ಸಂಖ್ಯೆಯಿಂದ ನಾಡಕಚೇರಿಯ ಜಾಲತಾಣದಲ್ಲಿ ಪ್ರಮಾಣಪತ್ರದ ಸಾಚಾತನ ನೋಡಬಹುದೆಂದು ಪ್ರಾಂತ ಕಚೇರಿಗೂ ಲಿಖಿತವಾಗಿ ತಿಳಿಸಿ. ಕೈಬರಹದ ಹಳೆಯ ಪ್ರಮಾಣಪತ್ರಕ್ಕೆ ಆರ್.ಡಿ. ಸಂಖ್ಯೆ ಇರುವುದಿಲ್ಲ, ಮೊದಲು ಹೊಸದನ್ನು ಮಾಡಿಸಿಕೊಂಡೇ ಪುಣೆಯಲ್ಲಿ ಅರ್ಜಿ ಹಾಕುವುದು ಒಳಿತು.

ಊರಲ್ಲಿ ಇನ್ನೂ ಮನೆ, ಮತ, ರೇಷನ್ ಇರುವವರಿಗೆ, ಕೆಲಸಕ್ಕೆಂದು ಮಾತ್ರ ಪುಣೆಯಲ್ಲಿರುವವರಿಗೆ ಈ ಸರ್ಕಸ್ಸೇ ಬೇಡ. ನಾಡಕಚೇರಿಯಲ್ಲಿ ಪ್ರಮಾಣಪತ್ರ ಮಾಡಿಸಿಕೊಂಡರೆ ಆಯಿತು.

ಬ್ಯಾಂಕು, ರೈಲ್ವೆ, ಸ್ಟಾಫ್ ಸೆಲೆಕ್ಷನ್ ಕಮಿಷನ್ (ಎಸ್.ಎಸ್.ಸಿ.), ಐ.ಐ.ಟಿ. ಮುಂತಾದ ಕಡೆ ವಲಸಿಗರ ಪ್ರಮಾಣಪತ್ರ ನಡೆಯುತ್ತದೆ. ಆದರೆ ಅದು ಕೇಂದ್ರದ ನಮೂನೆಯಲ್ಲಿರಬೇಕು. ಅದರ ಎರಡನೇ ಪರಿಚ್ಛೇದ ವಲಸಿಗರಿಗೆಂದೇ ಇದೆ: ತಂದೆ ಅಥವಾ ತಾಯಿಯ ಹೆಸರು, ಗ್ರಾಮ, ರಾಜ್ಯ, ಅವರ ಪ್ರಮಾಣಪತ್ರ ಕೊಟ್ಟ ಅಧಿಕಾರಿ, ದಿನಾಂಕ. ಗುಮಾಸ್ತರು ಇದನ್ನು ಖಾಲಿ ಬಿಟ್ಟು ಮೊದಲ ಪರಿಚ್ಛೇದದಲ್ಲಿ ಮಹಾರಾಷ್ಟ್ರ ಎಂದು ತುಂಬಿಬಿಡುತ್ತಾರೆ. ಕೌಂಟರಿನಲ್ಲೇ ಓದಿ ತಿದ್ದಿಸದಿದ್ದರೆ ಕೆಲಸಕ್ಕೆ ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಆಗ ತಿದ್ದಲು ಸಮಯವಿರುವುದಿಲ್ಲ. ಮಹಾರಾಷ್ಟ್ರದ ಸೀಟು, ಮಹಾರಾಷ್ಟ್ರದ ನೌಕರಿಗೆ ಇದು ನಡೆಯದು. ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ ಹೋಗೋಣವೆಂದರೆ ಅಲ್ಲಿ 1ನೇ ತರಗತಿಯಿಂದ ದ್ವಿತೀಯ ಪಿ.ಯು.ವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲೇ ಓದಿರಬೇಕೆಂಬುದು ಮುಖ್ಯ ನಿಯಮ. ಹತ್ತನೇ ತರಗತಿಯ ಹೊತ್ತಿಗೇ ಈ ಲೆಕ್ಕ ಹಾಕಿಕೊಂಡ ಕುಟುಂಬಕ್ಕೆ ಮುಂದೆ ಆಘಾತ ಕಡಿಮೆ.

ಒಂದು ಕಾಪು ಮಾತ್ರ ಗಡಿ ದಾಟಿ ಜೊತೆಗೆ ಬರುತ್ತದೆ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಮೂಲ ರಾಜ್ಯಕ್ಕೆ ಸೀಮಿತವಲ್ಲ ಎಂದು 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠ ಹೇಳಿದೆ. ‘ನೀವು ಇಲ್ಲಿಯ ಎಸ್.ಸಿ. ಅಲ್ಲ’ ಎಂದು ಠಾಣೆಯಲ್ಲಿ ದೂರು ತಿರುಗಿಸಿದರೆ ಆ ತೀರ್ಪಿನ ಪ್ರತಿ ಕೈಯಲ್ಲಿರಲಿ.

ಒಂದೇ ಜಾತಿ, ಎರಡು ಪಟ್ಟಿ

ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳು, ಮಹಾರಾಷ್ಟ್ರದ್ದರಲ್ಲಿ 59. ಹೊಲೆಯ, ಸಮಗಾರ, ಮಾದಿಗ ಎರಡೂ ಕಡೆ ಕಾಣುತ್ತಾರೆ, ಕಾಗುಣಿತ ಬೇರೆ. ಮಹಾರಾಷ್ಟ್ರದಲ್ಲಿ ‘ಮಾದಿಗ್’, ‘ಮಾದರ್’ ಎಂಬವು ಚಾಂಭಾರರ ದೊಡ್ಡ ಸಾಲಿನೊಳಗೆ ಸೇರಿಕೊಂಡಿವೆ. ಹೆಸರು ಎರಡೂ ಕಡೆ ಇದ್ದ ಮಾತ್ರಕ್ಕೆ ವಲಸಿಗರಿಗೆ ಏನೂ ಸಿಗದು ಎಂಬುದನ್ನು ಒಪ್ಪಿಸುವುದೇ ಕಷ್ಟ.

ಹೆಚ್ಚು ಸಿಕ್ಕಾಗಿರುವುದು ಲಂಬಾಣಿ ಮತ್ತು ವಡ್ಡರದ್ದು. ಕರ್ನಾಟಕದಲ್ಲಿ ಬಂಜಾರ, ಭೋವಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಬಂಜಾರಾ, ವಡಾರ್ ವಿಮುಕ್ತ ಜಾತಿ. ಬೇಡರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ, ಸೋಲಾಪುರದಲ್ಲಿ ಬೇರಡ್ ಎಂಬ ಹೆಸರಿನ ವಿಮುಕ್ತ ಜಾತಿ. ಒಂದೇ ತಾಂಡಾದ ಅಣ್ಣ ತಮ್ಮಂದಿರ ಮಕ್ಕಳು ಎರಡು ವರ್ಗ. 1976ರ ತಿದ್ದುಪಡಿ ಕಾಯ್ದೆ ಪ್ರದೇಶ ಮಿತಿ ತೆಗೆದ ಮೇಲೆಯೇ ವಿಜಾಪುರ, ಕಲಬುರಗಿ ಕಡೆಯ ಲಂಬಾಣಿಗರು ಪರಿಶಿಷ್ಟರಾದರು. ಅದಕ್ಕಿಂತ ಹಿಂದಿನ ಅವರ ಕಾಗದದಲ್ಲಿ ಪರಿಶಿಷ್ಟ ಎಂಬ ಮಾತು ಇಲ್ಲದಿರುವುದು ಸಹಜ. ಪರಿಶೀಲಕರು ಇದನ್ನೇ ಸಂಶಯವಾಗಿ ಬರೆದಾಗ ಆ ಕಾಯ್ದೆಯ ಹೆಸರು ಹಾಕಿ ಉತ್ತರ ಕೊಡಬೇಕು.

ಲಂಬಾಣಿ ಮನೆಯವರು ಎರಡೂ ಕಡೆ ಒಂದೊಂದು ಕಾಗದ ಮಾಡಿಸಿಕೊಳ್ಳುವುದುಂಟು. ಬೇಡವೇ ಬೇಡ. 1961ರಲ್ಲಿ ಇಲ್ಲಿದ್ದೆವು ಎಂದು ಏಜೆಂಟ ಬರೆದುಕೊಟ್ಟ ಶಪಥಪತ್ರಕ್ಕೆ ಸಹಿ ಹಾಕಿದವರ ಮಕ್ಕಳು ಡಿಗ್ರಿಯ ಕೊನೆಯ ವರ್ಷದಲ್ಲಿ ಸೀಟು ಕಳೆದುಕೊಳ್ಳುತ್ತಾರೆ. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಕಾಯ್ದೆಯಲ್ಲಿ ಸುಳ್ಳು ಪ್ರಮಾಣಪತ್ರಕ್ಕೆ ಆರು ತಿಂಗಳಿಂದ ಎರಡು ವರ್ಷದ ಜೈಲು ಇದೆ. ಅದೇ ಕಾಯ್ದೆಯ 8ನೇ ಕಲಂ ಪ್ರಕಾರ ಜಾತಿ ರುಜುವಾತಿನ ಹೊರೆ ಅರ್ಜಿದಾರನದು. ಕಾಗದ ಇಡಲು ಸೂರೂ ಇಲ್ಲದವನ ತಲೆಯ ಮೇಲೆ ಕಾಗದದ ಹೊರೆ.

ಅರ್ಜಿ ಹಾಕುವುದು, ತಿರಸ್ಕಾರ ಬರೆಸಿಕೊಳ್ಳುವುದು

ಕೌಂಟರಿಗೆ ಮೊದಲು ಹೋಗಬೇಡಿ. ಮಹಾರಾಷ್ಟ್ರ ಸರ್ಕಾರದ ‘ಆಪಲೇ ಸರ್ಕಾರ್’ ಜಾಲತಾಣದಲ್ಲಿ ನಿಮ್ಮದೇ ಖಾತೆ ತೆರೆದು ಅರ್ಜಿ ಹಾಕಿ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಗುಟ್ಟಿಲ್ಲ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹಿಂದಕ್ಕೆ ಕಳಿಸಿದ ಅರ್ಜಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ತಿಂಗಳ ಕೊನೆಗೆ ಕಚೇರಿಯ ಫಲಕದ ಮೇಲೆ ‘ಬಾಕಿ: ಸೊನ್ನೆ’ ಎಂದಿರುತ್ತದೆ, ಅದು ಸುಳ್ಳೂ ಅಲ್ಲ. ತಾರತಮ್ಯ ಅಂಕಿಯಲ್ಲಿ ಕಾಣದಿರುವುದಕ್ಕೆ ಕಾರಣ ಇದೇ: ನಿರಾಕರಣೆ ನಡೆಯುವುದು ದಾಖಲೆ ಶುರುವಾಗುವ ಮೊದಲು. ಅರ್ಜಿ ಸಂಖ್ಯೆ ಹುಟ್ಟಿತೆಂದರೆ, ಇಲ್ಲ ಎನ್ನಲು ಅವರು ಕಾರಣ ಬರೆಯಲೇಬೇಕು.

ಫೋಟೋ 160 ಬೈ 200 ಪಿಕ್ಸೆಲ್ಲಿನ ಆಸುಪಾಸು, 5ರಿಂದ 20 ಕೆ.ಬಿ.; ದಾಖಲೆಗಳು 75ರಿಂದ 500 ಕೆ.ಬಿ. ಒಳಗೆ. ಕೋತವಾಲ ಬುಕ್ಕಿನ ಹಳದಿ ಪುಟವನ್ನು ಮೊಬೈಲಿನಲ್ಲಿ ಬಣ್ಣದ ಚಿತ್ರ ತೆಗೆದು 500 ಕೆ.ಬಿ.ಗೆ ಕುಗ್ಗಿಸಿದರೆ ಅಕ್ಷರ ಅಳಿಸಿಹೋಗುತ್ತದೆ, ‘ಅಸ್ಪಷ್ಟ’ ಎಂಬ ತ್ರುಟಿ ಬೀಳುತ್ತದೆ. ಸ್ಕ್ಯಾನರಿನಲ್ಲಿ ಕಪ್ಪು ಬಿಳುಪಿನ ಛಾಯೆಯಲ್ಲಿ 150 ಡಿ.ಪಿ.ಐ. ಇಟ್ಟು, ಬೇಕಾದ ಸಾಲಿರುವ ಅರ್ಧ ಪುಟವನ್ನೇ ಒಂದು ಕಡತವಾಗಿ, ಪೂರ್ತಿ ಪುಟವನ್ನು ಇನ್ನೊಂದಾಗಿ ಏರಿಸುತ್ತೇನೆ. ಸಾಲಿನ ಸುತ್ತ ಪೆನ್ನಿನಿಂದ ಗುರುತು ಮಾಡಬಾರದು. ತಿದ್ದಿದ ದಾಖಲೆ ಎನ್ನುತ್ತಾರೆ.

ಕಚೇರಿಯ ಹೊರಗೆ ಶಪಥಪತ್ರಕ್ಕೆ ಬಾಂಡ್ ಪೇಪರ್ ಬೇಕೆಂದು ಮಾರುವವರಿದ್ದಾರೆ. ಜಾತಿ, ಆದಾಯ, ವಾಸದ ಪ್ರಮಾಣಪತ್ರಕ್ಕೆ ಸರ್ಕಾರಿ ಕಚೇರಿಗೆ ಕೊಡುವ ಶಪಥಪತ್ರಕ್ಕೆ 2004ರಿಂದ ಮುದ್ರಾಂಕ ಮಾಫಿ ಇದೆ. ಬಿಳಿ ಕಾಗದ ಸಾಕು.

ಹೆಸರಿನ ಗೋಳು ಬೇರೆ. ನಮ್ಮಲ್ಲಿ ಮಲ್ಲಪ್ಪ ದುರ್ಗಪ್ಪ ಮಾದರ; ಇಲ್ಲಿಯ ಶಾಲೆಯಲ್ಲಿ ಮಲ್ಲು ದುರ್ಗಾ ಕಾಂಬಳೆ. ಅಡ್ಡಹೆಸರು ಬದಲಿಸಿಕೊಳ್ಳುವುದು ಚಾಳಿನಲ್ಲಿ ಮಾನ ಉಳಿಸಿಕೊಳ್ಳುವ ದಾರಿಯಾಗಿತ್ತು, ಈಗ ಅದೇ ಕೊಂಡಿ ತಪ್ಪಿಸುತ್ತದೆ. ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಿದರೆ ಅದು ಅಂದಿನಿಂದ ಮುಂದಕ್ಕೆ ಕೆಲಸ ಮಾಡುತ್ತದೆ. ಅಜ್ಜನ ಕಾಗದಕ್ಕೆ ನೆರವಾಗದು. ಅದಕ್ಕೆ ಎರಡೂ ಹೆಸರು ಒಬ್ಬನವೇ ಎಂಬ ಶಪಥಪತ್ರ, ಜೊತೆಗೆ ಎರಡೂ ಹೆಸರು ಒಟ್ಟಿಗೆ ಬರುವ ಯಾವುದಾದರೂ ಒಂದು ಹಳೆಯ ಕಾಗದ ಬೇಕು. ಬ್ಯಾಂಕಿನ ಪಾಸ್‌ಬುಕ್ಕು, ಎಲ್.ಐ.ಸಿ. ಪಾಲಿಸಿಯ ನಾಮಿನಿ ಸಾಲು, ಆಸ್ಪತ್ರೆಯ ಚೀಟಿ, ಎಲ್ಲವನ್ನೂ ಕೆದಕಿ ನೋಡಿ.

ಮಹಾರಾಷ್ಟ್ರದ ಲೋಕಸೇವಾ ಹಕ್ಕು ಕಾಯ್ದೆ 2015ರದು. ಜಾತಿ ಪ್ರಮಾಣಪತ್ರಕ್ಕೆ 21 ದಿನ. ಕಾಗದ ಪೂರ್ಣವಾದ ದಿನದಿಂದ ಎಣಿಕೆ, ಹಾಗಾಗಿ ತ್ರುಟಿ ಬಿದ್ದರೆ ಅದೇ ದಿನ ಪೂರೈಸಿ ದಿನಾಂಕ ಬರೆದಿಡಿ. ಗಡುವು ಮೀರಿದರೆ ಅಥವಾ ತಿರಸ್ಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ. ತಡ ಮಾಡಿದ ಅಧಿಕಾರಿಗೆ 500ರಿಂದ 5,000 ರೂಪಾಯಿ ದಂಡ ಹಾಕಲು ಅವಕಾಶವಿದೆ. ನಮ್ಮ ಮೇಲ್ಮನವಿಯಲ್ಲಿ ದಂಡ ಕೇಳುವುದಿಲ್ಲ, ಕಲಂ ನಮೂದಿಸುತ್ತೇವೆ ಅಷ್ಟೇ. ತಿರಸ್ಕಾರದ ಆದೇಶವೇ ತಪ್ಪೆಂದು ವಾದಿಸಬೇಕಿದ್ದರೆ ಜಾತಿ ಪ್ರಮಾಣಪತ್ರ ಕಾಯ್ದೆಯ 5ನೇ ಕಲಮಿನ ಮೇಲ್ಮನವಿ ಬೇರೆ ಇದೆ, ಅದಕ್ಕೂ 30 ದಿನ. ಒಂದು ತಡಕ್ಕೆ, ಇನ್ನೊಂದು ತಪ್ಪಿಗೆ. ಎರಡನ್ನೂ ಬೆರೆಸಿ ಒಂದೇ ಅರ್ಜಿ ಬರೆದರೆ ಎರಡೂ ಕಡೆ ತಳ್ಳುತ್ತಾರೆ. ಕಡತದ ಟಿಪ್ಪಣಿ ನೋಡಬೇಕಿದ್ದರೆ ಮಾಹಿತಿ ಹಕ್ಕು: 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು, ಮಹಾರಾಷ್ಟ್ರದ ನಿಯಮದಂತೆ 150 ಪದದ ಒಳಗೆ, ಒಂದೇ ವಿಷಯ.

ನಾವು ಒಂದು ರಿಜಿಸ್ಟರ್ ಇಟ್ಟಿದ್ದೇವೆ. ದಿನಾಂಕ, ಅರ್ಜಿ ಸಂಖ್ಯೆ, ಮೂಲ ತಾಲೂಕು, ಬಾಯಲ್ಲಿ ಹೇಳಿದ ಕಾರಣ, ಬರಹದಲ್ಲಿ ಕೊಟ್ಟ ಕಾರಣ, ಆ ಕಾರಣಕ್ಕೆ ಯಾವ ನಿಯಮ. ಅಧಿಕಾರಿಯ ಹೆಸರಿನ ಕಾಲಮು ಬೇಕೆಂದೇ ಇಟ್ಟಿಲ್ಲ. ಹೆಸರು ಬರೆದರೆ ಮಾತು ಒಬ್ಬ ಕೆಟ್ಟ ಗುಮಾಸ್ತನ ಸುತ್ತ ಸುತ್ತುತ್ತದೆ, ಅವನ ವರ್ಗಾವಣೆಯಾದರೆ ಎಲ್ಲ ಸರಿಹೋಯಿತೆನಿಸುತ್ತದೆ. ಕಾರಣದ ಪ್ರಕಾರ ವಿಂಗಡಿಸಿದಾಗ ಬೇರೆಯೇ ಚಿತ್ರ ಕಾಣುತ್ತದೆ: ‘ತಂದೆಯ ಪ್ರಮಾಣಪತ್ರ ಇಲ್ಲ’, ‘ಹೊರರಾಜ್ಯದಿಂದ ಉತ್ತರ ಬಂದಿಲ್ಲ’, ‘ಅಡ್ಡಹೆಸರು ಹೊಂದುವುದಿಲ್ಲ’. ಯಾರು ಕೂತರೂ ಇವೇ ಸಾಲುಗಳು. ಬರಹದಲ್ಲಿ ಕೊಟ್ಟ ಕಾರಣಕ್ಕೆ ನಿಯಮದ ಕಾಲಮು ಖಾಲಿ ಉಳಿದರೆ, ಮೇಲ್ಮನವಿಯ ಮೊದಲ ವಾಕ್ಯ ಅಲ್ಲೇ ಸಿಕ್ಕಿತು.

ಮಹಾರಾಷ್ಟ್ರದ ಪೂರ್ಣ ಪ್ರಮಾಣಪತ್ರ ಸಿಕ್ಕವರಿಗೆ ಮುಂದೆ ಜಾತ ಪಡತಾಳಣಿ, ಅಂದರೆ ಸಮಿತಿಯ ಮುಂದೆ ಜಾತಿಯ ಪರಿಶೀಲನೆ, ಇದೆ. ಕಾಲೇಜಿನ ಪತ್ರ, ನಮೂನೆ 3ರ ವಂಶಾವಳಿ, ನಮೂನೆ 17ರ ಶಪಥಪತ್ರ. ತಂದೆಯ ಕಡೆಯ ರಕ್ತಸಂಬಂಧಿಯ ವ್ಯಾಲಿಡಿಟಿ (ಪರಿಶೀಲನೆ ಮುಗಿದು ಸಿಕ್ಕ ಪತ್ರ) ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಇಡಿ. ಸಮಿತಿಯ ದಕ್ಷತಾ ಪಥಕದವರು (ವಿಚಕ್ಷಣಾ ತಂಡ) ಮನೆಗೆ ಬಂದು ಕುಲದೇವರು, ಮದುವೆಯ ಪದ್ಧತಿ ಕೇಳುವುದುಂಟು. ಅಜ್ಜಿ ಕನ್ನಡದಲ್ಲಿ ಹೇಳಿದ್ದು ಮರಾಠಿಯಲ್ಲಿ ಬರೆಯುವಾಗ ಯಲ್ಲಮ್ಮ ರೇಣುಕೆಯಾಗಿ, ಉಡಿ ತುಂಬುವುದು ಇನ್ನೇನೋ ಆಗಿ ಬದಲಾಗುತ್ತದೆ. ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳಲು ಕೇಳಿ, ಕನ್ನಡ ಮರಾಠಿ ಎರಡೂ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿ, ವರದಿಯ ಪ್ರತಿ ಕೇಳಿ ಪಡೆಯಿರಿ.

ಗೋವೆಯ ಲೆಕ್ಕ ಇನ್ನೂ ಬಿಗಿ. ಅಲ್ಲಿಯ ಪರಿಶಿಷ್ಟ ಜಾತಿ ಆದೇಶ 1968ರದು, ಪಟ್ಟಿಯಲ್ಲಿ ಇರುವುದು ಐದೇ ಜಾತಿ: ಭಂಗಿ, ಚಾಂಭಾರ, ಮಹಾರ, ಮಹ್ಯಾವಂಶಿ, ಮಾಂಗ. ಝುವಾರಿನಗರ, ಬೈನಾ, ಮೋತಿ ಡೊಂಗರದಲ್ಲಿ ಮೂರು ತಲೆಮಾರು ಕಳೆದ ಮಾದಿಗ, ಹೊಲೆಯ, ಲಂಬಾಣಿ ಕುಟುಂಬಕ್ಕೆ ಗೋವೆಯ ಪ್ರಮಾಣಪತ್ರದ ಪ್ರಶ್ನೆಯೇ ಏಳುವುದಿಲ್ಲ, ಪಟ್ಟಿಯಲ್ಲಿ ಹೆಸರೇ ಇಲ್ಲ. ಅಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಒಂದೇ: ಊರಿನ ನಮೂನೆ ‘ಡಿ’ ಬಿಡಬೇಡಿ, ಮಕ್ಕಳಿಗೆ ಕೇಂದ್ರದ ನಮೂನೆ ಮಾಡಿಸಿ.

ಕಡತ ಮುಗಿದ ಮೇಲೆ ಒಂದು ಪುಟದಲ್ಲಿ ಬರೆದು ಮನೆಯಲ್ಲಿಡಿ: ಯಾವ ಶಾಲೆಯ ಯಾವ ರಿಜಿಸ್ಟರಿನ ಎಷ್ಟನೇ ಸಾಲು, ಯಾವ ತಹಸೀಲಿನ ಆರ್.ಡಿ. ಸಂಖ್ಯೆ, ಪತ್ರದ ಜಾವಕ ಸಂಖ್ಯೆ. ತಮ್ಮನ ಮಕ್ಕಳು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗಿಲ್ಲ. ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ; ಬಿಸಿಗೆ ಮೊಹರಿನ ಶಾಯಿ ಹರಡುತ್ತದೆ, ಹಿಂಬದಿಯಲ್ಲಿ ಷರಾ ಬರೆಯಲು ಜಾಗ ಉಳಿಯುವುದಿಲ್ಲ, ಮೂಲವನ್ನು ನೋಡುವ ಅಧಿಕಾರಿ ಮೊದಲು ಸಂಶಯಪಡುವುದೇ ಹೊಳೆಯುವ ಕಾಗದವನ್ನು.